ಸಾಂಬ್ರಾಣಿ ಹೊಗೆ, ಹಳದಿ ಲೈಟು

ಕಾರಿನ ಡ್ಯಾಶ್‌ಬೋರ್ಡಲ್ಲಿ ಎಂಜಿನ್ ಚಿತ್ರದ ಹಳದಿ ಲೈಟು ಮೊದಲ ಸಲ ಹತ್ತಿಕೊಂಡಾಗ ನಾನು ಅದರ ಮೇಲೆ ಕರ್ಚೀಫು ಮುಚ್ಚಿದೆ. ನಗಬೇಡಿ. ಪಕ್ಕದ ಸೀಟಲ್ಲಿ ನಮ್ಮೆಜಮಾನರು ಕೂತಿದ್ದರು, ಅವರ ಕಣ್ಣಿಗೆ ಬೀಳಬಾರದು ಅಂತಷ್ಟೇ. ಮೂವತ್ತು ವರ್ಷ ಫ್ಯಾಕ್ಟರಿ ಬಸ್ಸು ಓಡಿಸಿದವರಿಗೆ ಕಾಣದೇ ಇರುತ್ತಾ? ಕರ್ಚೀಫು ತೆಗಿ, ಸ್ಪೀಡ್ ಕಾಣಲ್ಲ ಅಂದರು.

ಸೋಮವಾರ, ಬುಧವಾರ, ಶನಿವಾರ ಬೆಳಿಗ್ಗೆ ಏಳಕ್ಕೆ ಅವರಿಗೆ ಹೆಬ್ಬಾಳದ ಆಚೆ ಡಯಾಲಿಸಿಸ್. ಪುಟ್ಟೇನಹಳ್ಳಿಯಿಂದ ಆರಕ್ಕೆಲ್ಲ ಹೊರಡಬೇಕು. ಏಳೂಕಾಲು ಆಯ್ತೋ, ಬೆಡ್ಡು ಬೇರೆಯವರಿಗೆ ಹೋಯಿತು, ಮಧ್ಯಾಹ್ನದ ತನಕ ಕಾಯಬೇಕು. ಅಷ್ಟರಲ್ಲಿ ಇವರ ಕಾಲು ಊದಿ, ಉಸಿರು ಮೇಲೆ ಕೆಳಗೆ ಆಗಿರುತ್ತದೆ. ಕ್ಯಾಬ್ ಮಾಡ್ಕೊಂಡ್ ಹೋಗಿ ಅಂತ ಬಂದವರೆಲ್ಲ ಬುದ್ಧಿ ಹೇಳುತ್ತಾರೆ. ವಾಪಸ್ ಬರುವಾಗ ಇವರು ವಾಂತಿ ಮಾಡಿಕೊಂಡಾಗ ಕ್ಯಾಬಿನವನ ಮುಖ ಹೇಗಾಯಿತು ಅಂತ ನೋಡಿದವಳು ನಾನು. ಅದಕ್ಕೇ ಐವತ್ತೆರಡನೇ ವಯಸ್ಸಿಗೆ ಹಟ ಹಿಡಿದು ಡ್ರೈವಿಂಗ್ ಕಲಿತೆ.

ಇವರಿಗೆ ಡಾಕ್ಟರು ಸ್ಟೀರಿಂಗ್ ಮುಟ್ಟಬೇಡಿ ಅಂದಾಗಿತ್ತು. ಕೊಡ ಎತ್ತುವ ಹಾಗಿಲ್ಲ, ಸ್ಕೂಟರ್ ಇಲ್ಲ, ಕುಡಿಯುವ ನೀರೂ ಅಳತೆ. ಇವರ ಪಾಲಿಗೆ ಉಳಿದಿದ್ದು ಒಂದೇ ಕೆಲಸ, ಶುಕ್ರವಾರ ಗಾಡಿಗೆ ಧೂಪ ಹಾಕೋದು. ಬಸ್ಸಿನ ಕಾಲದಿಂದ ಬಂದ ಅಭ್ಯಾಸ. ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ, ಬಾನೆಟ್ ಎತ್ತಿಸಿ, ನನ್ನ ಕೈಲಿ ಎಂಜಿನ್ ಸ್ಟಾರ್ಟ್ ಮಾಡಿಸುತ್ತಿದ್ದರು. ಗಾಡಿ ಉಸಿರಾಡ್ತಿರುವಾಗ ಹೊಗೆ ಕೊಟ್ಟರೇ ಒಳಗೆ ತಾಗೋದು ಅಂತ ಅವರ ಲೆಕ್ಕ. ಗಾಳಿ ಎಳೆದುಕೊಳ್ಳುವ ಪೈಪಿನ ಬಾಯಿಗೇ ಧೂಪದಾರತಿ ಹಿಡಿಯುತ್ತಿದ್ದರು. ಆ ಹೊತ್ತಿನಲ್ಲಿ ಮಾತ್ರ ಅವರ ಬೆನ್ನು ನೆಟ್ಟಗಿರುತ್ತಿತ್ತು. ನಾನು ಸೀಟಲ್ಲಿ ಕೂತು, ಬೇಗ ಮುಗಿಸ್ರೀ, ಪೆಟ್ರೋಲ್ ಸುಡ್ತಾ ಇದೆ ಅಂತ ಗೊಣಗುತ್ತಿದ್ದೆ.

ಲೈಟು ಬಂದ ಮೂರನೇ ದಿನ, ಬುಧವಾರ, ಹೆಬ್ಬಾಳ ಫ್ಲೈಓವರ್ ಏರುವಾಗ ಗಾಡಿ ಜಗ್ಗಲು ಶುರು ಮಾಡಿತು. ಆಕ್ಸಿಲರೇಟರ್ ಎಷ್ಟು ಒತ್ತಿದರೂ ಮುಂದಕ್ಕೆ ಹೋಗಲೊಲ್ಲದು. ಹಿಂದಿನಿಂದ ಹಾರ್ನೋ ಹಾರ್ನು. ಕೊನೆಗೆ ನಿಂತೇ ಹೋಯಿತು. ನಾನು ಸ್ಟೀರಿಂಗಿಗೆ ಗುದ್ದಿದೆ, ಬೈದೆ, ಅತ್ತೆ. ಇವರು ಕಣ್ಣು ಮುಚ್ಚಿ, ಎಂಜಿನ್ ಸ್ವಲ್ಪ ಆರೋಕೆ ಬಿಡು ಅಂದರು. ಆಮೇಲೆ ಹೇಗೋ ಸ್ಟಾರ್ಟ್ ಆಗಿ ನಾವು ತಲುಪುವಾಗ ಏಳೂ ಇಪ್ಪತ್ತು. ಬೆಡ್ಡಿನಲ್ಲಿ ಬೇರೆ ಯಾರೋ ಮಲಗಿದ್ದರು. ಮಧ್ಯಾಹ್ನ ಎರಡು ಗಂಟೆಯ ತನಕ ಇವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಉಸಿರೆಳೆಯುತ್ತಿದ್ದರು. ನಾನು ಬೆನ್ನು ನೀವುತ್ತಾ ಕೂತಿದ್ದೆ. ಅದು ಬಿಟ್ಟು ಮಾಡೋದಕ್ಕೆ ನನಗೇನೂ ಇರಲಿಲ್ಲ.

ಮೊದಲ ಗ್ಯಾರೇಜಿನವರು ಒಂದು ಮೆಷಿನ್ ಚುಚ್ಚಿ ಲೈಟು ಅಳಿಸಿ ಕಳಿಸಿದರು. ಎರಡೇ ದಿನಕ್ಕೆ ಅದು ಮತ್ತೆ ಹಾಜರು. ಎರಡನೆಯವರು ಸೆನ್ಸರ್ರೇ ಹೋಗಿದೆ, ಹೊಸದು ಬರೋಕೆ ವಾರ ಬೇಕು, ಅಲ್ಲಿವರೆಗೆ ಓಡಿಸಬೇಡಿ ಅಂದರು. ಅಲ್ಲಿವರೆಗೆ ಯಾರಪ್ಪನ ಗಾಡಿ ತರಲಿ ಅಂತ ಕೇಳಿ ಎದ್ದು ಬಂದೆ. ಗಾಡಿಗೆ ಕಷ್ಟ ಬಂದಿದೆ ಅಂತ ಆ ಶುಕ್ರವಾರ ಇವರು ಸಾಂಬ್ರಾಣಿ ಎರಡು ಹಿಡಿ ಹಾಕಿದರು. ಹೊಗೆಯಲ್ಲಿ ಅವರ ಮುಖವೇ ಕಾಣಲಿಲ್ಲ. ಶನಿವಾರ, ಸೋಮವಾರ ಒದ್ದಾಡಿಕೊಂಡೇ ಹೋಗಿಬಂದೆವು.

ಮಂಗಳವಾರ ನಾನೊಬ್ಬಳೇ ಗಾಡಿ ತಗೊಂಡು ಆರ್.ಟಿ. ನಗರದ ಒಂದು ಚಿಕ್ಕ ಶೆಡ್ಡಿಗೆ ಹೋದೆ. ಅಲ್ಲಿದ್ದ ಬಿಳಿ ಗಡ್ಡದ ಮೆಕ್ಯಾನಿಕ್ ಸಾಹೇಬರು ಏರ್ ಫಿಲ್ಟರಿನ ಪಕ್ಕದಿಂದ ಬೆರಳುದ್ದದ ಒಂದು ಸೆನ್ಸರ್ ಬಿಚ್ಚಿ ತೆಗೆದರು. ಎಂಜಿನ್ನಿಗೆ ಎಷ್ಟು ಗಾಳಿ ಹೋಗ್ತಿದೆ ಅಂತ ಅಳೆಯೋದು ಇದೇ, ಮುಟ್ಟಬೇಡಿ ಅಂದರು. ಒಳಗೆ ಕೂದಲಿನಂಥ ತಂತಿ, ಅದರ ಮೇಲೆ ಕಂದು ಬಣ್ಣದ ಅಂಟು. ಅವರು ಅದನ್ನು ಮೂಗಿನ ಹತ್ತಿರ ಹಿಡಿದು ನನ್ನ ಮುಖ ನೋಡಿದರು.

"ಅಮ್ಮಾ, ಗಾಡಿಗೆ ಲೋಬಾನ ಹಾಕ್ತೀರಾ?"

ಲೋಬಾನ ಅಂದರೆ ನಮ್ಮ ಸಾಂಬ್ರಾಣಿಯೇ; ಹೂಂ, ಪ್ರತಿ ಶುಕ್ರವಾರ ಅಂದೆ. ಅವರೂ ಗುರುವಾರ ಸಂಜೆ ಅಂಗಡಿಗೆ ಹಾಕುತ್ತಾರಂತೆ. ಆದರೆ ಹೊಸ ಗಾಡಿಗಳಿಗೆ ಈ ಹೊಗೆ ಆಗಲ್ಲ, ಹಳೇ ಬಸ್ಸುಗಳು ಎಲ್ಲಾ ನುಂಗ್ತಿದ್ವು ಅಂತ ನಕ್ಕರು. ಡಬ್ಬಿಯಿಂದ ಪುಸ್ ಪುಸ್ ಅಂತ ಸ್ಪ್ರೇ ಹೊಡೆದು, ಸೆನ್ಸರನ್ನು ಹಾಳೆಯ ಮೇಲೆ ಒಣಗಲು ಇಟ್ಟರು. ಅರ್ಧ ಗಂಟೆಯಲ್ಲಿ ಗಾಡಿ ಮೊದಲಿನ ಹಾಗಾಯಿತು. ಇಷ್ಟೇನಾ ಅಂತ ಸಿಟ್ಟೇ ಬಂತು.

ಮನೆಗೆ ಬರುವ ದಾರಿಯುದ್ದಕ್ಕೂ ಒಂದೇ ಯೋಚನೆ, ಇವರಿಗೆ ಹೇಳಬಾರದು. ಧೂಳು ಕೂತಿತ್ತಂತೆ ಅಂದರೆ ಆಯಿತು. ಧೂಪ ಹಿಡಿಯುವಾಗ ಎಂಜಿನ್ ಆಫ್ ಮಾಡಲು ಏನಾದರೂ ನೆಪ ಹುಡುಕಿದರಾಯಿತು. ಮನಸ್ಸಿನಲ್ಲೇ ಮಾತನ್ನು ಎರಡು ಸಲ ಹೇಳಿಕೊಂಡೆ. ಬಾಗಿಲು ದಾಟುತ್ತಿದ್ದಂತೆ ಇವರು, ಏನಂತೆ ಅಂದರು. ಹಾಳು ಬಾಯಿ ನನ್ನದು.

"ಏನಂತೆ ಏನು, ನಿಮ್ಮ ಸಾಂಬ್ರಾಣಿ!"

ಎಲ್ಲವನ್ನೂ ಒದರಿದೆ. ಎರಡು ವಾರದ ಸಿಟ್ಟು, ಫ್ಲೈಓವರಿನ ಅಳು, ಪ್ಲಾಸ್ಟಿಕ್ ಕುರ್ಚಿ, ಎಲ್ಲ.

"ಹಂಗಾದ್ರೆ ಅವತ್ತು ಗಾಡಿ ನಿಲ್ಸಿದ್ದು ನಾನೇ," ಅಂದರು.

ಅಯ್ಯೋ, ಹಂಗಲ್ಲ ರೀ ಅಂದೆ. ಆಗಿದ್ದಂತೂ ಹಂಗೇ. ಶುಕ್ರವಾರ ನಾನೇ ಕೆಂಡ ಮಾಡಿ ತಂದು ಕರೆದೆ. ಎಂಜಿನ್ ಆಫ್ ಮಾಡಿ, ಬಾನೆಟ್ ಮುಚ್ಚಿಕೊಂಡೇ ಹಿಡೀರಿ ಅಂದೆ. ಬೇಡ ಅಂದರು. ಮುಂದಿನ ಶುಕ್ರವಾರವೂ ಬೇಡ. ಧೂಪದಾರತಿಯನ್ನು ತೊಳೆದು ಒರೆಸಿ ಅಟ್ಟದ ಮೇಲೆ ಇಡಿಸಿದರು. ಶುಕ್ರವಾರ ಬೆಳಿಗ್ಗೆ ಸ್ನಾನ ಮಾಡಿ, ಬಿಳಿ ಪಂಚೆ ಉಟ್ಟು, ಕುರ್ಚಿಯಲ್ಲಿ ಕೈ ಕಟ್ಟಿಕೊಂಡು ಕೂತಿರುತ್ತಾರೆ. ನನ್ನ ಕೈಲಿ ನೋಡಲಾಗುವುದಿಲ್ಲ.

ತಡೆಯಲಾಗದೆ ಒಂದು ಸೋಮವಾರ, ಬಳ್ಳಾರಿ ರೋಡಲ್ಲಿ ಹೋಗುತ್ತಾ, ಒಂದು ಸುಳ್ಳು ಹೇಳಿದೆ. ರೀ, ಹಳದಿ ಲೈಟು ಮತ್ತೆ ಬಂತು ನೋಡಿ, ನಿಮ್ಮ ಧೂಪದಿಂದಲ್ಲ ಅದು, ಆ ಸಾಹೇಬರಿಗೆ ಏನೂ ಗೊತ್ತಿಲ್ಲ ಅಂದೆ.

ಇವರು ಬೆಲ್ಟ್ ಸಡಿಲಿಸಿಕೊಂಡು, ಕಷ್ಟಪಟ್ಟು ನನ್ನ ಕಡೆ ಬಗ್ಗಿ ಡ್ಯಾಶ್‌ಬೋರ್ಡ್ ನೋಡಿದರು. ಲೈಟು ಎಲ್ಲಿಂದ ಬರಬೇಕು? ಈಗ ಹೋಯ್ತು ಅಂದೆ. ಅವರು ಹಿಂದಕ್ಕೆ ಒರಗಿ ಬೆಲ್ಟ್ ಸರಿಮಾಡಿಕೊಂಡರು.

"ಗಾಡಿ ಚೆನ್ನಾಗೇ ಓಡ್ತಿದೆ ಕಣೆ," ಅಂದರು. "ನೀನು ಓಡ್ಸು."