ಸೂಪಾದ ನೀರಿಗೆ ಉಡಿ ಅಕ್ಕಿ

ಕೋಡಿಬಾಗದಲ್ಲಿ ಬಸ್ಸು ಹತ್ತುವಾಗ ಅತ್ತೆಯ ಕೈಚೀಲ ನನ್ನದಕ್ಕಿಂತ ಭಾರವಾಗಿತ್ತು. ಅದರಲ್ಲಿ ಅಕ್ಕಿ, ತೆಂಗಿನಕಾಯಿ, ರವಿಕೆ ಕಣ, ಅರಿಶಿನ ಕುಂಕುಮ. ಅವರು ಹುಟ್ಟಿದ ಹಳ್ಳಿ ಕಾಳಿ ನದಿಗೆ ಕಟ್ಟಿದ ಸೂಪಾ ಅಣೆಕಟ್ಟಿನ ನೀರಿನಡಿ ಹೋಗಿ ಇಪ್ಪತ್ತು ವರ್ಷ ದಾಟಿತ್ತು. ಪುನರ್ವಸತಿ ಊರಿನಿಂದ ಪ್ರತಿ ಚೌತಿಗೆ ಬಂದು ತಂಗಿಯ ಉಡಿ ತುಂಬಿಸುತ್ತಿದ್ದ ಅಣ್ಣನೂ ಹೋದ ವರ್ಷ ತೀರಿಕೊಂಡ. ಬೇಸಿಗೆಯಲ್ಲಿ ನೀರಿಳಿದರೆ ದೇವಸ್ಥಾನದ ಮೆಟ್ಟಿಲು ಕಾಣುತ್ತದೆಂದು ಯಾರೋ ಹೇಳಿದ್ದರು. ಆ ಮೆಟ್ಟಿಲ ಮೇಲೆ ಕೂರಿಸಿ ನಾನು ಅವರ ಉಡಿ ತುಂಬಬೇಕು. ನಮ್ಮ ಪ್ರವಾಸದ ಉದ್ದೇಶ ಅಷ್ಟೇ.

ಕದ್ರಾ ದಾಟಿದ ಮೇಲೆ ಘಾಟಿ ಶುರು. ಮೇ ತಿಂಗಳ ಬಿಸಿಲು ಮರಗಳ ತುದಿಯಲ್ಲೇ ಉಳಿದು, ಬಸ್ಸಿನೊಳಗೆ ಹಸಿರು ಬೆಳಕು ತೂಗಾಡುತ್ತಿತ್ತು. ನೂರು ಕಿಲೋಮೀಟರಿನ ದಾರಿ ಅರೆನಿದ್ದೆಯಲ್ಲಿ ಸರಿಯಿತು. ಜೋಯಿಡಾದಲ್ಲಿ ನಾನು ಬನ್ಸ್ ತಿಂದು ಚಹಾ ಕುಡಿದೆ. ಅತ್ತೆ ಏನನ್ನೂ ಮುಟ್ಟಲಿಲ್ಲ.

“ತವರಿಗೆ ಹೋಗೋರು ಹೋಟೇಲಲ್ಲಿ ಹೊಟ್ಟೆ ತುಂಬ್ಕಂಡು ಹೋತ್ರಾ?” ಎಂದು ನನ್ನನ್ನೇ ಗದರಿದರು.

ಗಣೇಶಗುಡಿ ತಲುಪಿದಾಗ ಮಧ್ಯಾಹ್ನ. ಎರಡು ಗುಡ್ಡಗಳ ನಡುವಿನ ಅಣೆಕಟ್ಟಿನ ಗೋಡೆಗೆ ಪಾಚಿ ಹಿಡಿದು, ಸುಣ್ಣದ ಬಿಳಿ ಗೆರೆಗಳು ಇಳಿದಿದ್ದವು. ಜೀಪು ಹಿಡಿದು ಹಿನ್ನೀರಿನ ದಡಕ್ಕೆ ಹೋದೆವು. ನೀರು ತುಂಬಿಯೇ ಇತ್ತು. ಅಲೆಯೇ ಇಲ್ಲದ ಅದರಲ್ಲಿ ಗುಡ್ಡಗಳು ತಲೆಕೆಳಗಾಗಿ ಮಲಗಿದ್ದವು.

“ಈ ವರ್ಷ ನೀರು ಇಳೀಲೇ ಇಲ್ಲ ಅಮ್ಮಾ. ಮೆಟ್ಲೆಲ್ಲ ಅಡಿಗೇ ಅದೆ,” ಎಂದ ಅಲ್ಲಿದ್ದ ಕಾವಲುಗಾರ.

ಅತ್ತೆ ನೀರಿನ ನಡುವೆ ಒಂದು ಕಡೆ ಬೆರಳು ತೋರಿಸಿ, “ನಮ್ಮ ಅಂಗಳ,” ಎಂದರು. ಆಮೇಲೆ ಕಾವಲುಗಾರನನ್ನು ಕೇಳಿದರು: “ಈ ನೀರು ಕೋಡಿಬಾಗಕ್ಕೆ ಬತ್ತದ್ಯಾ?”

“ಬತ್ತದೆ. ಕರೆಂಟಿನ ಯಂತ್ರ ತಿರುಗ್ಸಿ, ಕೆಳಗಿನ ಕಟ್ಟೆಗಳಲ್ಲಿ ನಿಂತು ನಿಂತು ಬತ್ತದೆ.”

“ಬರ್ಲಿ. ನಾನೂ ಹಂಗೇ ಬಂದವಳು.”

ನಾನು ತೆಗೆದಿಟ್ಟಿದ್ದ ಅಕ್ಕಿಯನ್ನು ಅತ್ತೆ ಬೊಗಸೆಯಲ್ಲಿ ತುಂಬಿಕೊಂಡು ತಾವೇ ನೀರಿಗೆ ಬಿಟ್ಟರು. ಕುಂಕುಮ ಹಚ್ಚಿದ ಕಾಯಿಯನ್ನೂ ತೇಲಿಬಿಟ್ಟರು. ಮಗಳ ಉಡಿ ತುಂಬಬೇಕಾದ ತವರಿಗೆ ಮಗಳೇ ಉಡಿ ತುಂಬಿದಂತಾಯಿತು. ನನಗೆ ಅಳು ಬಂತು. ಅತ್ತೆ ಅಳಲಿಲ್ಲ, ಕಾಯಿ ಅಂಗಳದ ಕಡೆಗೆ ಹೋಗುವುದನ್ನೇ ನೋಡುತ್ತಿದ್ದರು.

ಸಂಜೆ ಕೋಡಿಬಾಗದಲ್ಲಿ ಬಸ್ಸಿಳಿದ ಅತ್ತೆ ಮನೆಯ ದಾರಿ ಬಿಟ್ಟು ಕಾಳಿ ನದಿಯ ದಡಕ್ಕೆ ನಡೆದರು.

“ನಿಮ್ಮ ಅಕ್ಕಿ ಇಷ್ಟು ಬೇಗ ಬಂತಾ ಅತ್ತೆ?” ಎಂದು ಕೀಟಲೆ ಮಾಡಿದೆ.

ಅವರು ಬಗ್ಗಿ ನೀರಿಗೆ ಕೈಯಿಟ್ಟರು. “ಈಗ ಭರತಿ. ಸಮುದ್ರದ ನೀರು ಮೇಲೆ ಹೋತದೆ. ಸುಖವಾಗಿ ಮನೆ ಮುಟ್ಟಿದೆ ಅಂತ ತವರಿಗೆ ಹೇಳಿ ಕಳಿಸ್ತೆ.”

ನಾನೂ ಚಪ್ಪಲಿ ಬಿಟ್ಟು ಪಕ್ಕಕ್ಕೆ ಇಳಿದೆ.

“ಸೊಸೆಯೂ ಬಂದಿದ್ದಳು ಅಂತ ಹೇಳಿ,” ಎಂದೆ.