ಗಗನಯಾತ್ರಿಯ ಸುದ್ದಿಯೂ ಚಾವಡಿಯ ಕಟ್ಟೆಯೂ

ಆಗ ನಾನು ಮೂಡಲಗಿಯ ಶಾಲೆಯಲ್ಲಿ ಮಾಸ್ತರ. ಅಲ್ಲಿ ಮಕ್ಕಳ ತಂದೆತಾಯಿ “ನಮಸ್ಕಾರರಿ ಗುರುಗಳ” ಎಂದು ಕೈ ಮುಗಿಯುತ್ತಿದ್ದರು. ಹುಕ್ಕೇರಿ ಕಡೆಯ ನನ್ನ ಹಳ್ಳಿಗೆ ಬಂದರೆ ಮಾತ್ರ ಚಾವಡಿಯ ಕಟ್ಟೆ ಹತ್ತುವಂತಿರಲಿಲ್ಲ. ಸಂಜೆ ಅಲ್ಲಿ ಒಬ್ಬರು ಪೇಪರು ಓದಿ ಹೇಳುವುದು ರೂಢಿ. ಊರವರು ಕಟ್ಟೆಯ ಮೇಲೆ, ನಮ್ಮ ಕೇರಿಯವರು ಕೆಳಗೆ ದೂರದಲ್ಲಿ. ನಮ್ಮ ಮನೆಯವರು ಬೌದ್ಧರಾಗಿ ಐದಾರು ವರ್ಷವಾಗಿದ್ದರೂ ನಿಲ್ಲುವ ಜಾಗ ಅದೇ. ಪೇಪರನ್ನು ನಮ್ಮ ಕೈಗೆ ಯಾರೂ ಕೊಡುತ್ತಿರಲಿಲ್ಲ. ಅಪ್ಪನಿಗೆ ಅದು ಅಭ್ಯಾಸವಾಗಿಹೋಗಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ರಷ್ಯಾದವನು ಆಕಾಶಕ್ಕೆ ಹೋಗಿ ಬಂದ ಮರುವರ್ಷ ಅಮೆರಿಕದವನೂ ಭೂಮಿಯನ್ನು ಸುತ್ತಿ ಬಂದ. ಆ ವಾರ ನಾನು ಊರಿಗೆ ಹೊರಟಿದ್ದೆ. ಗೋಕಾಕದಲ್ಲಿ ಬಸ್ಸು ಬದಲಿಸುವಾಗ ವಾಚನಾಲಯಕ್ಕೆ ಹೋಗಿ ಕನ್ನಡ, ಮರಾಠಿ, ಇಂಗ್ಲಿಷ್ ಪೇಪರು ಮೂರನ್ನೂ ಮುಗಿಸಿಯೇ ಎದ್ದೆ. ಒಂದು ಬಸ್ಸು ತಪ್ಪಿತು, ತಪ್ಪಲಿ.

ಸಂಜೆ ಕಟ್ಟೆಯ ಮೇಲೂ ಅದೇ ಸುದ್ದಿ. ಓದುತ್ತಿದ್ದವರು ಪೋಸ್ಟಿನ ಕೆಲಸದಿಂದ ನಿವೃತ್ತರಾದ ಒಬ್ಬ ಹಿರಿಯರು. ರಷ್ಯಾದವನು ಕಾಸ್ಮೊನಾಟ್, ಅಮೆರಿಕದವನು ಆಸ್ಟ್ರೊನಾಟ್ ಎಂದು ಓದಿದ್ದೇ ತಡ, ಇಬ್ಬರಲ್ಲಿ ದೊಡ್ಡವನು ಯಾರು ಎಂದು ವಾದ ಶುರುವಾಯಿತು. ಹಿರಿಯರು ಜನ್ಮದಲ್ಲಿ ಗೊತ್ತಿಲ್ಲ ಎಂದವರಲ್ಲ.

“ಕಾಸ್ಮೊನಾಟ್ ಅಂದ್ರ ಫೌಜದಾರ ಇದ್ದಂಗ, ಆಸ್ಟ್ರೊನಾಟ್ ಅಂದ್ರ ಜಮಾದಾರ,” ಅಂದುಬಿಟ್ಟರು.

ನನಗೆ ತಡೆಯಲಾಗಲಿಲ್ಲ. “ಹಂಗಲ್ರಿ ಅಜ್ಜಾರ. ಇಬ್ಬರದೂ ಒಂದ ಕೆಲಸ, ದೇಶಕ್ಕೊಂದು ಹೆಸರು,” ಅಂದೆ. ಅಪ್ಪ ನನ್ನ ತೋಳು ಹಿಡಿದು “ಸುಮ್ಮನಿರಪಾ” ಎಂದ.

ಊರ ಗೌಡರಿಗೆ ಕಿವಿ ಮಂದ. “ಯಾರಂವ? ಏನಂದಾ?” ಎಂದು ಬಾಜೂ ಇದ್ದವರನ್ನು ಕೇಳಿದರು. ನಾನೇ ದನಿ ಏರಿಸಿದೆ. “ರಷ್ಯಾದವರ ಮಾತಿಗೆ ವಿಶ್ವದ ಅಂಬಿಗ ಅಂತ ಅರ್ಥರಿ, ಅಮೆರಿಕದವರದಕ್ಕ ಚುಕ್ಕಿಗಳ ಅಂಬಿಗ. ಮರಾಠಿಯೊಳಗ ಅಂತರಾಳವೀರ. ನಮ್ಮ ಕನ್ನಡದಾಗ ಗಗನಯಾತ್ರಿ. ಹೋಗಿ ಸುಖರೂಪ ಹೊಳ್ಳಿ ಬರಾಂವ ಯಾತ್ರಿ ಅಲ್ಲೇನ್ರಿ? ಎಲ್ಲಾರಕಿಂತ ನಮ್ಮ ಹೆಸರನ ಚಲೋ ಐತಿ.”

ಕಟ್ಟೆಯ ಮೇಲೆ ಯಾರೋ ನಕ್ಕರು. ಗೌಡರು ನಗಲಿಲ್ಲ. “ಮಾಸ್ತರಾ, ಮ್ಯಾಲ ಬಾ. ಇವತ್ತ ನೀನ ಓದು,” ಎಂದರು.

ಆ ಕಟ್ಟೆ ಹತ್ತಬೇಕೆಂದು ಎಷ್ಟು ವರ್ಷ ಹಂಬಲಿಸಿದ್ದೆನೋ! ಮೆಟ್ಟಿಲ ಮೇಲೆ ಒಂದು ಕಾಲನ್ನೂ ಇಟ್ಟೆ. ತಿರುಗಿ ನೋಡಿದರೆ ಅಪ್ಪ, ಕಾಕಾ, ಕೇರಿಯವರೆಲ್ಲ ಇದ್ದಲ್ಲೇ ಇದ್ದರು. ನಾನೊಬ್ಬನೇ ಮೇಲೆ ಹೋದರೆ ಅಪ್ಪ ಕೆಳಗೆ ನಿಂತು ಮಗನ ಓದು ಕೇಳಬೇಕು. ಇಟ್ಟ ಕಾಲನ್ನು ಹಿಂದೆ ತೆಗೆದೆ.

“ಪೇಪರ ಇಲ್ಲಿ ಕೊಡ್ರಿ ಗೌಡರ, ಇಲ್ಲಿಂದನ ಓದತೇನಿ. ನಮ್ಮಪ್ಪಗೂ ಕೇಳಸಬೇಕಲ್ರಿ.”

ಗೌಡರು ಹಿರಿಯರಿಂದ ಪೇಪರು ಇಸಿದುಕೊಂಡು, ಕಟ್ಟೆಯ ಅಂಚಿಗೆ ಬಂದು, ನನ್ನ ಕೈಗೇ ಕೊಟ್ಟರು. ನಾನು ಅಪ್ಪನ ಹತ್ತಿರ ಹೋಗಿ ನಿಂತು ಓದತೊಡಗಿದೆ. ಅಷ್ಟು ಸ್ಪಷ್ಟವಾಗಿ ಶಾಲೆಯಲ್ಲೂ ಎಂದೂ ಓದಿರಲಿಲ್ಲ. ಹೆಮ್ಮೆಯಿಂದ ಎದೆ ಉಬ್ಬಿತ್ತು, ಅದನ್ನೇಕೆ ಮುಚ್ಚಿಡಲಿ?

ನಾಲ್ಕು ಸಾಲು ಆಗುವಷ್ಟರಲ್ಲಿ ಗೌಡರು ಕಿವಿಗೆ ಕೈ ಇಟ್ಟು “ಕೇಳವಲ್ದು” ಎಂದರು. ನಾನು ದನಿ ಏರಿಸಲಿಲ್ಲ. ಅವರು ಕೋಲೂರಿಕೊಂಡು ಒಂದೊಂದೇ ಮೆಟ್ಟಿಲಿಳಿದು ಬಂದು, ಅಪ್ಪನ ಬಾಜೂ ನಿಂತರು.