ಅಂಗಡಿ ಕಾಕಾನ ರಟ್ಟು

ಮಸಾಲೆ ಡಬ್ಬಿಯ ತಳಕ್ಕೆ ಹಾಸಿದ್ದ ಕಾಗದ ಬದಲಿಸುವಾಗ ಒಂದು ರಟ್ಟಿನ ತುಂಡು ಸಿಕ್ಕಿತು. ಸೋಪಿನ ಡಬ್ಬದಿಂದ ಕತ್ತರಿಸಿದ್ದು. ಮೇಲೆ ನೇರಳೆ ಮುದ್ರೆ, ಇಂಗಿನ ವಾಸನೆ. ಮಣಿನಗರದ ನಮ್ಮ ಓಣಿಯ ಅಂಗಡಿ ಕಾಕಾ ಕೊಟ್ಟದ್ದು.

ನನ್ನ ಗಂಡನಿಗೆ ರೈಲ್ವೆ ಕೆಲಸ. ವರ್ಗವಾಗಿ ನಾವು ಕನ್ನಡನಾಡು ಬಿಟ್ಟು ಇಲ್ಲಿಗೆ ಬಂದಾಗ ಚಿಲ್ಲರೆಗೆ ಬರ ಬಂದಿತ್ತು. ಬೇರೆ ಅಂಗಡಿಯವರು ಚಿಲ್ಲರೆ ಬದಲು ಪೆಪ್ಪರಮಿಂಟು ಕೊಟ್ಟರೆ ಕಾಕಾ ಈ ರಟ್ಟು ಕೊಡುತ್ತಿದ್ದರು. ಒಂದಕ್ಕೆ ಎಂಟಾಣೆ. ಮೊದಲು ಅವರ ಅಂಗಡಿಯಲ್ಲಷ್ಟೇ ನಡೆಯಿತು. ಆಮೇಲೆ ಹಾಲಿನವನು ತೆಗೆದುಕೊಂಡ, ತರಕಾರಿಯವಳು ತೆಗೆದುಕೊಂಡಳು, ಇಸ್ತ್ರಿಯವನೂ...

"ಏನು ಕಾಕಾ, ನೀವೇ ಸರ್ಕಾರ ಆಗ್ಬಿಟ್ರಾ?" ಅಂದೆ ಒಮ್ಮೆ, ನನ್ನ ಹರಕು ಹಿಂದಿಯಲ್ಲಿ.

ನಕ್ಕರು. ಅವರಜ್ಜ ಆಫ್ರಿಕಾದಲ್ಲಿ ಅಂಗಡಿ ಇಟ್ಟಿದ್ದರಂತೆ. ಅಲ್ಲಿ ಮೊದಲು ಕವಡೆ ನಡೆಯುತ್ತಿತ್ತಂತೆ, ಆಮೇಲೆ ನಮ್ಮ ಬೆಳ್ಳಿ ರೂಪಾಯಿಯೇ ಹಡಗು ಹತ್ತಿ ಹೋಯಿತಂತೆ, ಕೊನೆಗೆ ಇಂಗ್ಲಿಷರ ಕಾಗದ. "ಕವಡೆ, ಬೆಳ್ಳಿ, ರಟ್ಟು, ಎಲ್ಲಾ ಒಂದೇ, ಬೆನ್," ಅಂದರು, ಇಲ್ಲಿ ಅಕ್ಕತಂಗಿಯರನ್ನು ಕರೆಯುವ ಹಾಗೆ. " ಮುಂದಿನವನು ತಗೋತಾನೆ ಅನ್ನೋ ತನಕ ಅದು ದುಡ್ಡು."

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೂ ಅದು ತಿಳಿಯಿತು ಅಂದುಕೊಂಡಿದ್ದೆ.

ಒಂದು ದಿನ ಅವರನ್ನು ಆಸ್ಪತ್ರೆಗೆ ಸೇರಿಸಿದರು. ಹರ್ನಿಯಾ, ಅಷ್ಟೇ. ನಾನು ಅದನ್ನೂ ವಿಚಾರಿಸದೆ ನಲ್ಲಿಯ ಹತ್ತಿರ ಪಕ್ಕದ ಮನೆಯವಳಿಗೆ ಅಂದೆ, "ಕಾಕಾ ಹೋದ್ರೆ ಈ ರಟ್ಟು ಒಲೆಗೇ."

"ಹಾಯ್ ಹಾಯ್, ನನ್ನ ಹತ್ರ ಒಂದು ಡಬ್ಬಿ ತುಂಬಾ ಇದೆ," ಎಂದವಳು ಕೊಡ ಅಲ್ಲೇ ಬಿಟ್ಟು ಓಡಿದಳು.

ನಾಲ್ಕನೆಯ ದಿನ ಕಾಕಾ ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ಬಂದು ಅಂಗಡಿ ತೆರೆದರು. ಓಣಿಯೆಲ್ಲ ರಟ್ಟು ಹಿಡಿದು ಸಾಲು ನಿಂತಿತ್ತು. ಬದುಕಿ ಬಂದವರನ್ನು ಕಣ್ಣಾರೆ ಕಂಡೂ ಯಾರೂ ಸಾಲು ಬಿಡಲಿಲ್ಲ. ನಾನೂ ಬಿಡಲಿಲ್ಲ. ಅವರು ಯಾರಿಗೂ ಇಲ್ಲವೆನ್ನದೆ ಬೇಳೆ, ಬೆಲ್ಲ, ಎಣ್ಣೆ ಕೊಡುತ್ತಲೇ ಹೋದರು. ಮಧ್ಯಾಹ್ನಕ್ಕೆ ಅಂಗಡಿ ಬರಿದಾಯಿತು, ಗಲ್ಲಾದಲ್ಲಿ ಬರೀ ರಟ್ಟು. ಸುದ್ದಿ ಕೇಳಿದ ಸಗಟು ವ್ಯಾಪಾರಿ ಮಾಲು ಕಳಿಸುವುದನ್ನೇ ನಿಲ್ಲಿಸಿದ. ತಿಂಗಳೊಳಗೆ ಬಾಗಿಲು ಹಾಕಿ ಸೂರತ್‌ಗೆ, ಮಗಳ ಮನೆಗೆ ಹೋದರು. ಅಲ್ಲಿಯ ಪಾಂಡೇಸರಾದ ಮಿಲ್ಲಿನಲ್ಲಿ ಸೀರೆ ಮಡಚುತ್ತಿದ್ದಾರೆ ಅಂತ ಯಾರೋ ಹೇಳಿದರು. ತೀರಿಕೊಂಡರು ಅಂತಲೂ ಯಾರೋ ಹೇಳಿದರು...

ಮೊಮ್ಮಗಳಿಗೆ ಈಗ ಫೋನೇ ದುಡ್ಡು. ಅವಳಿಗೆ ಇದನ್ನೆಲ್ಲ ಹೇಳಿದೆ. ಅವಳಿಗೆ ಕನ್ನಡ ಅರ್ಧಂಬರ್ಧ. "ಕಾಕಾಗೆ ಸಾರಿ ಹೇಳ್ದ್ಯಾ, ಅಜ್ಜಿ?" ಎಂದು ಕೇಳಿದಳು.

ಇಲ್ಲ. ನನ್ನ ಸರದಿ ಬಂದಾಗ ಅರ್ಧ ಕಿಲೋ ತೊಗರಿಬೇಳೆ ತೂಗಿ, ಮುಖ ನೋಡಿ, ಮೇಲೊಂದು ಹಿಡಿ ಹೆಚ್ಚಿಗೇ ಹಾಕಿದರು. ನಾನು ಚೀಲದ ಬಾಯಿ ಇನ್ನಷ್ಟು ಅಗಲ ಮಾಡಿ ಹಿಡಿದೆ.